ಚಿಕ್ಕ ಆಫೀಸಿಗೆ ವೈಫೈ: ದೊಡ್ಡ ರೂಟರ್ ಬೇಡ, ಸೀಲಿಂಗಿಗೆ ಆಕ್ಸೆಸ್ ಪಾಯಿಂಟ್ ಹಾಕಿಸಿ

ಪೂರ್ತಿ ಓದಲು ಸಮಯ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಆಫೀಸಿನಲ್ಲಿ ಕೇಬಲ್ ನೆಟ್‌ವರ್ಕ್ ಈಗಾಗಲೇ ಚೆನ್ನಾಗಿ ನಡೆಯುತ್ತಿದ್ದು, ಅದಕ್ಕೆ ವೈಫೈ ಸೇರಿಸಬೇಕು ಅಂತಿದ್ದರೆ, ಹೊಸ ರೂಟರ್ ಕೊಳ್ಳಬೇಡಿ. ಸೀಲಿಂಗಿಗೆ ಹಾಕುವ, ನೆಟ್‌ವರ್ಕ್ ಕೇಬಲ್‌ನಿಂದಲೇ ಕರೆಂಟ್ ತೆಗೆದುಕೊಳ್ಳುವ ಆಕ್ಸೆಸ್ ಪಾಯಿಂಟ್ ಕೊಳ್ಳಿ, ಅಂದರೆ ಕೇಬಲ್ ನೆಟ್‌ವರ್ಕನ್ನು ವೈಫೈ ಮಾಡಿ ಹರಡುವ ಡಬ್ಬಿ. ಅದರಲ್ಲಿ ನನ್ನ ಮೊದಲ ಆಯ್ಕೆ ಟಿಪಿ-ಲಿಂಕ್‌ನ ಒಮಾಡಾ ಇಎಪಿ650. ಸೆಟ್ಟಿಂಗ್ಸ್ ಅಂದರೆ ಗಾಬರಿಯಾಗುವವರೇ ಇರುವ ಆಫೀಸಾದರೆ ಎಚ್‌ಪಿಇಯ ಇನ್‌ಸ್ಟಂಟ್ ಆನ್ ಎಪಿ22. ಯುಬಿಕ್ವಿಟಿಯ ಯು6 ಪ್ಲಸ್ ಕೂಡ ಒಳ್ಳೆಯ ಮಾಲೇ, ಆದರೆ ಅದನ್ನು ಎಲ್ಲರಿಗೂ ಹೇಳುವುದಿಲ್ಲ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ನನ್ನ ತಲೆಯಲ್ಲಿರುವ ಆಫೀಸ್ ಇಂಥದ್ದು. ಹತ್ತರಿಂದ ಮೂವತ್ತು ಜನ. ಒಂದು ಹಾಲ್, ಎರಡು ಮೂರು ಕ್ಯಾಬಿನ್, ಒಂದು ಮೀಟಿಂಗ್ ರೂಮ್. ಇಂಟರ್ನೆಟ್ ಕಂಪನಿಯವರು ಕೊಟ್ಟ ರೂಟರ್ ಯಾವುದೋ ಮೂಲೆಯಲ್ಲಿ, ಪಕ್ಕದಲ್ಲಿ ಸ್ವಿಚ್ (ಒಂದು ಲೈನನ್ನು ಹಲವು ಕೇಬಲ್‌ಗಳಿಗೆ ಹಂಚುವ ಡಬ್ಬಿ), ಅಲ್ಲಿಂದ ಟೇಬಲ್‌ಗಳಿಗೆ ಕೇಬಲ್. ಕಂಪ್ಯೂಟರ್, ಪ್ರಿಂಟರ್, ಫೈಲ್ ಸರ್ವರ್ ಎಲ್ಲಾ ಅದರ ಮೇಲೇ ನಡೆಯುತ್ತಿವೆ. ಈಗ ಲ್ಯಾಪ್‌ಟಾಪ್ ಜಾಸ್ತಿಯಾಗಿವೆ, ಎಲ್ಲರ ಕೈಯಲ್ಲೂ ಫೋನ್ ಇದೆ, ಮೀಟಿಂಗ್ ರೂಮಿನಲ್ಲಿ ವಿಡಿಯೋ ಕಾಲ್ ಮಾಡಬೇಕು, ಬಂದವರೆಲ್ಲಾ ಪಾಸ್‌ವರ್ಡ್ ಕೇಳುತ್ತಾರೆ. ಇಲ್ಲಿ ಲೆಕ್ಕ ಹಾಕಬೇಕಾದದ್ದು ಜನರನ್ನಲ್ಲ, ಸಾಧನಗಳನ್ನು. ಒಬ್ಬರಿಗೆ ಎರಡು ಅಂತ ಇಟ್ಟುಕೊಂಡರೂ ಇಪ್ಪತ್ತು ಜನಕ್ಕೆ ನಲವತ್ತಾಯಿತು.

ಇಂಥ ಸಮಯದಲ್ಲಿ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಆರೇಳು ಆಂಟೆನಾ ಇರುವ ದೊಡ್ಡ ರೂಟರ್. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಎಎಕ್ಸ್3000 ಅಂತಲೋ ಎಎಕ್ಸ್5400 ಅಂತಲೋ ಇರುತ್ತದೆ. ಈ ಸಂಖ್ಯೆ ಹೇಗೆ ಬಂತು ಅಂತ ಒಮ್ಮೆ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಈ ಡಬ್ಬಿಗಳ ವೈಫೈ ನಡೆಯುವುದು ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ರೇಡಿಯೋ ಪಟ್ಟಿಗಳಲ್ಲಿ. ಎಎಕ್ಸ್3000 ಅಂದರೆ 2.4 ಗಿಗಾಹರ್ಟ್ಸ್‌ನಲ್ಲಿ 574 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನಲ್ಲಿ 2402 ಎಂಬಿಪಿಎಸ್, ಎರಡನ್ನೂ ಕೂಡಿಸಿ ಮೇಲಕ್ಕೆ ಸರಿಸಿದ್ದು. ನಿಮ್ಮ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಒಂದು ಸಲಕ್ಕೆ ಯಾವುದಾದರೂ ಒಂದರ ಮೇಲೇ ಇರುತ್ತದೆ. ಆ 2402 ಕೂಡ ಸಿಗಬೇಕಾದರೆ 160 ಮೆಗಾಹರ್ಟ್ಸ್ ಅಗಲದ ಚಾನೆಲ್ (ಆ ಬ್ಯಾಂಡಿನ ಒಂದು ತುಂಡು) ಬೇಕು, ಲ್ಯಾಪ್‌ಟಾಪ್‌ಗೂ ಅದು ಬರಬೇಕು, ಸಿಗ್ನಲ್ ಬಲು ಚೆನ್ನಾಗಿರಬೇಕು. ಅಷ್ಟೆಲ್ಲಾ ಆದ ಮೇಲೂ ವೈಫೈಯಲ್ಲಿ ಒಂದು ಚಾನೆಲ್ ಮೇಲೆ ಒಂದು ಸಲಕ್ಕೆ ಒಬ್ಬರ ಸರದಿ, ಮಧ್ಯೆ ಕಾಯುವುದು, ಉತ್ತರ ಕೊಡುವುದು ಇದರಲ್ಲೇ ಸಮಯ ಹೋಗುತ್ತದೆ. ಹಾಗಾಗಿ ಫೈಲ್ ಕಾಪಿ ಮಾಡುವಾಗ ಕೈಗೆ ಸಿಗುವುದು ಬರೆದದ್ದರ ಅರ್ಧದಿಂದ ಮೂರರಲ್ಲಿ ಎರಡು ಪಾಲು. ಅದೂ ಒಬ್ಬರೇ ಬಳಸುತ್ತಿದ್ದರೆ.

ಇನ್ನೊಂದು ಮಾತು, ಇದು ತುಂಬ ಮುಖ್ಯ. ರೂಟರ್ ಎಷ್ಟು ಜೋರಾಗಿ ಸಿಗ್ನಲ್ ಕಳಿಸಿದರೂ ಫೋನ್ ಅಷ್ಟೇ ಜೋರಾಗಿ ವಾಪಸ್ ಕಳಿಸಲಾರದು. ಮೈಕ್ ಹಿಡಿದವರ ಮಾತು ಕೊನೇ ಸಾಲಿಗೂ ಕೇಳುತ್ತದೆ, ಆದರೆ ಕೊನೇ ಸಾಲಿನವರು ಮೆಲ್ಲಗೆ ಕೇಳಿದ ಪ್ರಶ್ನೆ ವೇದಿಕೆಗೆ ಮುಟ್ಟಬೇಕಲ್ಲ. ಮೀಟಿಂಗ್ ರೂಮಿನಲ್ಲಿ ಪೂರ್ತಿ ಕಡ್ಡಿ ತೋರಿಸುತ್ತಿದ್ದರೂ ಕಾಲ್ ತುಂಡು ತುಂಡಾಗುವುದಕ್ಕೆ ಎಷ್ಟೋ ಕಡೆ ಇದೇ ಕಾರಣ. ಇದಕ್ಕೆ ಮದ್ದು ಜೋರಾದ ಒಂದು ಡಬ್ಬಿ ಅಲ್ಲ, ಜನ ಕೂರುವ ಜಾಗಕ್ಕೆ ಹತ್ತಿರವಾಗಿ ಇಡುವ ಎರಡು ಮೂರು ಸಾಧಾರಣ ಡಬ್ಬಿಗಳು.

ಹಾಗಾದರೆ ಕಪಾಟಿನಲ್ಲಿ ಬಿದ್ದಿರುವ ಹಳೇ ರೂಟರ್ ಬಳಸಬಹುದಾ? ಒಂದೇ ರೂಮಿನ ಆಫೀಸು, ಐದಾರು ಜನ, ಖರ್ಚು ಬೇಡ ಅನ್ನುವವರಿಗೆ ಖಂಡಿತ ಆಗುತ್ತದೆ. ಆದರೆ ಕ್ರಮ ತಪ್ಪಬಾರದು. ಮೊದಲು ಅದನ್ನು ಆಫೀಸ್ ನೆಟ್‌ವರ್ಕಿಗೆ ಸೇರಿಸದೆ, ಒಂದು ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿ ಸೆಟ್ಟಿಂಗ್ಸ್ ತೆರೆಯಿರಿ. ಅದರ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ, ಬದಲಿಸಿ. ಆಫೀಸಿನ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಆ ವಿಳಾಸ ಬೇರೆ ಯಾರಿಗೂ ಹೋಗದ ಹಾಗೆ ನೋಡಿಕೊಳ್ಳಿ. ನಂತರ ಇದರ ಡಿಎಚ್‌ಸಿಪಿ, ಅಂದರೆ ಬೇರೆ ಸಾಧನಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಆಮೇಲೆ ಕೇಬಲ್ ಅನ್ನು ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಲೈನ್ ಬರುವ ಪೋರ್ಟು) ಅಲ್ಲ, ಲ್ಯಾನ್ ಪೋರ್ಟಿಗೆ (ಕಂಪ್ಯೂಟರ್ ಜೋಡಿಸುವ ಪೋರ್ಟು) ಹಾಕಿ. ಈಗಿನ ಹಲವು ರೂಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತದೆ, ಅದನ್ನು ಆರಿಸಿದರೆ ಇಷ್ಟೂ ಅದೇ ಮಾಡಿಕೊಳ್ಳುತ್ತದೆ.

ಡಿಎಚ್‌ಸಿಪಿ ಆಫ್ ಮಾಡದೆ ಲ್ಯಾನ್ ಪೋರ್ಟಿಗೆ ಚುಚ್ಚಿಬಿಟ್ಟರೆ ಏನಾಗುತ್ತದೆ ಗೊತ್ತಾ? ಒಂದೇ ನೆಟ್‌ವರ್ಕಿನಲ್ಲಿ ಇಬ್ಬರು ವಿಳಾಸ ಹಂಚುವವರು. ಕೆಲವು ಕಂಪ್ಯೂಟರಿಗೆ ಸರಿಯಾದ ವಿಳಾಸ, ಕೆಲವಕ್ಕೆ ತಪ್ಪು ವಿಳಾಸ, ಬೆಳಗ್ಗೆ ನಡೆದದ್ದು ಮಧ್ಯಾಹ್ನ ನಿಲ್ಲುತ್ತದೆ, ಇವತ್ತು ಒಬ್ಬರಿಗೆ ನಾಳೆ ಇನ್ನೊಬ್ಬರಿಗೆ, ಜನ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಮಾಡಿ ಸುಸ್ತಾಗುತ್ತಾರೆ. ವ್ಯಾನ್ ಪೋರ್ಟಿಗೆ ಹಾಕಿದರೆ ಬೇರೆ ತೊಂದರೆ: ವೈಫೈ ಮೇಲಿನ ಲ್ಯಾಪ್‌ಟಾಪ್ ಒಂದು ನೆಟ್‌ವರ್ಕಿನಲ್ಲಿ, ಪ್ರಿಂಟರ್ ಇನ್ನೊಂದರಲ್ಲಿ, ಪ್ರಿಂಟರ್ ಹುಡುಕಿದರೆ ಸಿಗುವುದೇ ಇಲ್ಲ. ಹೀಗಾಗಿ ಆ ಎರಡು ನಿಮಿಷದ ಕೆಲಸ ದಯವಿಟ್ಟು ತಪ್ಪಿಸಬೇಡಿ.

ಗೋಡೆಯ ಸಾಕೆಟ್ಟಿಗೆ ಚುಚ್ಚುವ ರಿಪೀಟರ್ ಆಫೀಸಿಗೆ ಬೇಡ. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೆಶ್ ಸೆಟ್‌ಗಳು, ಅಂದರೆ ತಮ್ಮ ತಮ್ಮಲ್ಲೇ ವೈಫೈಯಲ್ಲಿ ಮಾತಾಡಿಕೊಳ್ಳುವ ಎರಡು ಮೂರು ಡಬ್ಬಿಗಳ ಜೋಡಿ, ಇದಕ್ಕಿಂತ ವಾಸಿ, ಮೂರು ರೇಡಿಯೋ ಇರುವವು ಇನ್ನೂ ವಾಸಿ. ಆದರೆ ಕೇಬಲ್ ಎಳೆಯಲು ಸಾಧ್ಯವೇ ಇಲ್ಲದ ಜಾಗಕ್ಕೆ ಮಾತ್ರ. ನಿಮ್ಮಲ್ಲಿ ಸ್ವಿಚ್ ಇದೆ, ಕೇಬಲ್ ಇದೆ. ಇರುವ ತಂತಿ ಬಿಟ್ಟು ಗಾಳಿಯಲ್ಲೇ ಕಳಿಸುವ ಹಟ ಯಾಕೆ ಅಲ್ವಾ?

ಈಗ ಆಕ್ಸೆಸ್ ಪಾಯಿಂಟ್ ವಿಚಾರ. ಇದು ರೂಟರ್ ಅಲ್ಲ. ವಿಳಾಸ ಹಂಚುವುದಿಲ್ಲ, ಇಂಟರ್ನೆಟ್ ಲೈನ್ ನೋಡಿಕೊಳ್ಳುವುದಿಲ್ಲ. ಸ್ವಿಚ್ಚಿನ ಕೇಬಲ್‌ನಲ್ಲಿ ಬಂದದ್ದನ್ನು ಗಾಳಿಗೆ, ಗಾಳಿಯಲ್ಲಿ ಬಂದದ್ದನ್ನು ಕೇಬಲ್‌ಗೆ ಹಾಕುವುದಷ್ಟೇ ಇದರ ಕೆಲಸ. ಅದಕ್ಕೇ ನನಗೆ ಇದು ಇಷ್ಟ. ಈಗ ನಡೆಯುತ್ತಿರುವ ನೆಟ್‌ವರ್ಕ್ ಮುಟ್ಟಬೇಕಾಗಿಲ್ಲ. ವೈಫೈ ಕೆಟ್ಟರೂ ಕೇಬಲ್ ಮೇಲಿನ ಕೆಲಸ ನಿಲ್ಲುವುದಿಲ್ಲ. ನಾಲ್ಕು ವರ್ಷದ ನಂತರ ಹೊಸ ವೈಫೈ ಬಂದಾಗ ಇದೊಂದನ್ನೇ ಬಿಚ್ಚಿ ಬದಲಿಸಬಹುದು.

ಇದರ ಇನ್ನೊಂದು ದೊಡ್ಡ ಅನುಕೂಲ ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್. ಸೀಲಿಂಗಿನಲ್ಲಿ ಪ್ಲಗ್ ಪಾಯಿಂಟ್ ಬೇಕಿಲ್ಲ. ಎಲೆಕ್ಟ್ರಿಷಿಯನ್ ಕರೆಸಬೇಕಿಲ್ಲ. ಸ್ವಿಚ್ಚನ್ನು ಯುಪಿಎಸ್ ಮೇಲೆ ಇಟ್ಟರೆ ಕರೆಂಟ್ ಹೋದಾಗಲೂ ವೈಫೈ ಇರುತ್ತದೆ, ರೂಟರ್ ಕೂಡ ಅದೇ ಯುಪಿಎಸ್ ಮೇಲಿರಬೇಕು ಅಷ್ಟೇ. ಕೊಳ್ಳುವಾಗ ನೋಡಬೇಕಾದ ಗುರುತು ಎರಡು. 802.3ಎಎಫ್ ಅನ್ನುವುದು 2003ರ ಸ್ಟ್ಯಾಂಡರ್ಡ್, ಸ್ವಿಚ್ಚಿನ ಕಡೆ ಒಂದು ಪೋರ್ಟಿಗೆ 15.4 ವ್ಯಾಟ್ ಕೊಡುತ್ತದೆ. 802.3ಎಟಿ ಅನ್ನುವುದು 2009ರದು, 30 ವ್ಯಾಟ್. ಎಟಿ ಸ್ವಿಚ್ಚಿಗೆ ಎಎಫ್ ಸಾಧನ ಹಾಕಬಹುದು, ತೊಂದರೆ ಇಲ್ಲ. ಎಟಿ ಕೇಳುವ ಸಾಧನವನ್ನು ಎಎಫ್ ಸ್ವಿಚ್ಚಿಗೆ ಹಾಕಿದರೆ ಕರೆಂಟ್ ಸಾಲದೆ ಪದೇ ಪದೇ ರೀಸ್ಟಾರ್ಟ್ ಆಗಬಹುದು, ಇಲ್ಲವೇ ಏಳುವುದೇ ಇಲ್ಲ. ಒಮಾಡಾ ಇಎಪಿ650 ಎಟಿ ಕೇಳುತ್ತದೆ. ಯು6 ಪ್ಲಸ್, ಎಪಿ22 ಎರಡಕ್ಕೂ ಎಎಫ್ ಸಾಕು. ನಿಮ್ಮಲ್ಲಿ ಹಳೇ ಎಎಫ್ ಸ್ವಿಚ್ ಇದ್ದರೆ ಇದೊಂದೇ ಕಾರಣಕ್ಕೆ ನನ್ನ ಆಯ್ಕೆ ಬದಲಾಗುತ್ತದೆ.

ಸ್ವಿಚ್ಚಿನ ಒಟ್ಟು ವ್ಯಾಟ್ ಕೂಡ ನೋಡಿ. ಎಂಟು ಪೋರ್ಟ್ ಇದೆ ಅಂದ ಮಾತ್ರಕ್ಕೆ ಎಂಟಕ್ಕೂ 30 ವ್ಯಾಟ್ ಸಿಗುತ್ತದೆ ಅಂತಲ್ಲ. ಎಷ್ಟೋ ಸ್ವಿಚ್‌ಗಳಲ್ಲಿ ನಾಲ್ಕು ಪೋರ್ಟಿನಲ್ಲಿ ಮಾತ್ರ ಪಿಒಇ ಇರುತ್ತದೆ, ಒಟ್ಟು 60 ವ್ಯಾಟ್ ಮಿತಿಯೂ ಇರಬಹುದು. ಕ್ಯಾಮೆರಾಗಳೂ ಅದೇ ಸ್ವಿಚ್ಚಿಗೆ ಬರುವುದಿದ್ದರೆ ಮೊದಲೇ ಕೂಡಿಸಿ ನೋಡಿ. ಒಂದೇ ಆಕ್ಸೆಸ್ ಪಾಯಿಂಟ್ ಸಾಕಾದರೆ ಸ್ವಿಚ್ ಬದಲಿಸಬೇಡಿ, ಪಿಒಇ ಇಂಜೆಕ್ಟರ್ ಅಂತ ಚಿಕ್ಕ ಡಬ್ಬಿ ಸಿಗುತ್ತದೆ, ಮಧ್ಯೆ ಹಾಕಿದರಾಯಿತು. ಯು6 ಪ್ಲಸ್ ಜೊತೆ ಅದು ಬರುವುದಿಲ್ಲ, ಬೇರೆ ಕೊಳ್ಳಬೇಕು. ಉಳಿದವುಗಳ ಡಬ್ಬದಲ್ಲೂ ಏನೇನಿದೆ ಅಂತ ಕೇಳಿಯೇ ದುಡ್ಡು ಕೊಡಿ.

ಒಂದು ಎಚ್ಚರಿಕೆ. ಪ್ಯಾಸಿವ್ ಪಿಒಇ ಅಂತ ಇನ್ನೊಂದು ಜಾತಿ ಇದೆ, 24 ವೋಲ್ಟಿನದು ಸಾಮಾನ್ಯ. ಸ್ಟ್ಯಾಂಡರ್ಡ್ ಪಿಒಇ ಸ್ವಿಚ್ ಮೊದಲು ಆ ಕಡೆ ಏನಿದೆ ಅಂತ ಪರೀಕ್ಷಿಸಿ ಆಮೇಲೆ ಕರೆಂಟ್ ಕೊಡುತ್ತದೆ. ಪ್ಯಾಸಿವ್ ಇಂಜೆಕ್ಟರ್ ಏನೂ ಕೇಳದೆ ಕೊಟ್ಟುಬಿಡುತ್ತದೆ. ಅದರ ತುದಿಗೆ ಲ್ಯಾಪ್‌ಟಾಪೋ ಪ್ರಿಂಟರೋ ಸಿಕ್ಕಿದರೆ ಪೋರ್ಟ್ ಸುಟ್ಟುಹೋಗಬಹುದು. ಹಳೇ ಸಾಧನದ ಜೊತೆ ಬಂದ ಇಂಜೆಕ್ಟರ್‌ಗಳನ್ನು ಹೆಸರು ಬರೆದು ಬೇರೆ ಎತ್ತಿಡಿ.

ಕೇಬಲ್ ಕ್ಯಾಟ್5ಇ ದರ್ಜೆಯದ್ದಾದರೂ ಸಾಕು, ಹೊಸದಾಗಿ ಎಳೆಸುವುದಾದರೆ ಕ್ಯಾಟ್6. ಸ್ವಿಚ್ಚಿನಿಂದ 100 ಮೀಟರ್ ದಾಟಬಾರದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ಅಗ್ಗದ ಕೇಬಲ್ ಬರುತ್ತದೆ, ಸಿಸಿಎ ಅಂತ ಬರೆದಿರುತ್ತದೆ. ಪಿಒಇಗೆ ಅದು ಬೇಡವೇ ಬೇಡ. ಪೂರ್ತಿ ತಾಮ್ರದ್ದೇ ಬೇಕು ಅಂತ ಹಟ ಹಿಡಿಯಿರಿ. ಆಕ್ಸೆಸ್ ಪಾಯಿಂಟ್ ಹೋಗಿ ಇನ್ನೊಂದು ಬರುತ್ತದೆ, ಸೀಲಿಂಗ್ ಒಳಗಿನ ಕೇಬಲ್ ಮಾತ್ರ ಹಾಗೇ ಉಳಿಯುತ್ತದೆ. ಹಾಗೇ ಒಂದು ಜಾಗಕ್ಕೆ ಒಂದರ ಬದಲು ಎರಡು ಎಳೆಸಿಬಿಡಿ, ಕೂಲಿ ಹೆಚ್ಚು ಕಡಿಮೆ ಅಷ್ಟೇ.

ಇನ್ನು ಮಾಲಿನ ವಿಚಾರಕ್ಕೆ ಬರೋಣ. ನಾನು ಇವುಗಳನ್ನು ತೂಗುವುದು ವೇಗದಲ್ಲಿ ಅಲ್ಲ. ಇಎಪಿ650, ಯು6 ಪ್ಲಸ್, ಎಪಿ22 ಮೂರೂ ವೈಫೈ 6, ಅಂದರೆ ವೈಫೈಯ ಆರನೇ ಪೀಳಿಗೆಯವು, ಮೂರೂ ಎರಡು ಸ್ಟ್ರೀಮಿನವು (ಒಟ್ಟಿಗೆ ಎರಡು ಸಾಲಿನಲ್ಲಿ ಡೇಟಾ ಕಳಿಸುವವು), ಮೂರಕ್ಕೂ ಒಂದು ಗಿಗಾಬಿಟ್ ಪೋರ್ಟ್. ಮೊದಲೆರಡು 160 ಮೆಗಾಹರ್ಟ್ಸ್ ಚಾನೆಲ್ ಮಾಡಬಲ್ಲವು, ಎಪಿ22 ಕಾಗದದ ಮೇಲೆ 1200 ಎಂಬಿಪಿಎಸ್ ಸುತ್ತ ನಿಲ್ಲುತ್ತದೆ. ಆಫೀಸಿನಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ, ಪೋರ್ಟೇ ಒಂದು ಗಿಗಾಬಿಟ್ ಆದ ಮೇಲೆ ಮುಗಿಯಿತು. ನಾನು ಕೇಳುವ ಪ್ರಶ್ನೆ ಒಂದೇ: ಇದನ್ನು ಕೂರಿಸಿದವರು ನಾಳೆ ಸಿಗದಿದ್ದರೆ ಆಫೀಸಿನವರು ಇದನ್ನು ನಡೆಸಿಕೊಂಡು ಹೋಗಬಹುದಾ?

ಈ ಪ್ರಶ್ನೆ ಯಾಕೆ ಅಂದರೆ ಒಂದು ಆಫೀಸಿನಲ್ಲಿ ಕಣ್ಣಾರೆ ನೋಡಿದ್ದೇನೆ. ವೈಫೈ ಹಾಕಿಕೊಟ್ಟವರು ಎಲ್ಲಾ ಆಕ್ಸೆಸ್ ಪಾಯಿಂಟ್‌ಗಳನ್ನು ತಮ್ಮದೇ ಇಮೇಲ್ ಖಾತೆಗೆ ಸೇರಿಸಿಕೊಂಡಿದ್ದರು. ಮುಂದೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಬಿಟ್ಟುಹೋದ ಕೆಲಸಗಾರರಿಗೆ ಗೊತ್ತಿದ್ದ ಪಾಸ್‌ವರ್ಡನ್ನು ಬದಲಿಸಲೂ ಆಫೀಸಿನವರಿಗೆ ಆಗಲಿಲ್ಲ. ಕೊನೆಗೆ ಏಣಿ ಹಾಕಿ, ಒಂದೊಂದನ್ನೇ ಇಳಿಸಿ, ರೀಸೆಟ್ ಮಾಡಿ ಮೊದಲಿಂದ ಕೂರಿಸಬೇಕಾಯಿತು. ದುಡ್ಡು ಕೊಟ್ಟು ಕೊಂಡ ಮಾಲು, ಆದರೆ ಬೀಗದ ಕೈ ಬೇರೆಯವರ ಹತ್ತಿರ. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಒಮಾಡಾವನ್ನು ಮೊದಲಿಗೆ ಇಡುವುದು ಇದೇ ಕಾರಣಕ್ಕೆ. ಒಂದು ಎರಡು ಇದ್ದರೆ ಕಂಟ್ರೋಲರ್ (ಎಲ್ಲಾ ಆಕ್ಸೆಸ್ ಪಾಯಿಂಟ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದೆ, ಬ್ರೌಸರಿನಲ್ಲಿ ನೇರ ಅದರ ಪುಟ ತೆರೆದು ಸೆಟ್ಟಿಂಗ್ಸ್ ಮಾಡಬಹುದು. ಯಾವ ಖಾತೆಯೂ ಬೇಡ, ಇಂಟರ್ನೆಟ್ಟೂ ಬೇಡ. ಹೆಸರು, ಪಾಸ್‌ವರ್ಡ್, ಗೆಸ್ಟ್ ನೆಟ್‌ವರ್ಕ್, ವಿಲ್ಯಾನ್ (ಒಂದೇ ಕೇಬಲ್ ಮೇಲೆ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವುದು) ಎಲ್ಲಾ ಅಲ್ಲೇ ಇದೆ. ಮೂರಕ್ಕಿಂತ ಹೆಚ್ಚಾದರೆ ಒಂದೊಂದನ್ನೂ ಬೇರೆ ಬೇರೆ ತೆರೆಯುವುದು ಬೇಸರ, ಆಗ ಕಂಟ್ರೋಲರ್ ಸಾಫ್ಟ್‌ವೇರನ್ನು ಆಫೀಸಿನ ಯಾವುದಾದರೂ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ಹಾಕಿಕೊಳ್ಳಬಹುದು, ಇಲ್ಲವೇ ಒಸಿ200 ಅನ್ನುವ ಚಿಕ್ಕ ಡಬ್ಬಿ ಕೊಂಡು ಸ್ವಿಚ್ಚಿಗೆ ಸಿಕ್ಕಿಸಬಹುದು. ಸೆಟ್ಟಿಂಗ್ಸ್ ಎಲ್ಲಾ ಆಫೀಸಿನ ಒಳಗೇ ಇರುತ್ತದೆ. ಕುಂದು ಇಲ್ಲದಿಲ್ಲ. ಕಂಟ್ರೋಲರಿನ ಮೆನುಗಳು ಅಚ್ಚುಕಟ್ಟಾಗಿಲ್ಲ, ಒಂದು ಸಣ್ಣ ವಿಷಯಕ್ಕೆ ಮೂರು ಪುಟ ಸುತ್ತಬೇಕು. ಒಂದು ಆಕ್ಸೆಸ್ ಪಾಯಿಂಟಿನಿಂದ ಇನ್ನೊಂದಕ್ಕೆ ಬೇಗ ದಾಟಿಸುವ ಸೌಲಭ್ಯ ಬೇಕಾದರೆ ಕಂಟ್ರೋಲರ್ ಬೇಕೇ ಬೇಕು. ಮತ್ತೆ ಒಂದೇ ಮಾಡೆಲ್ ಹೆಸರಿನಲ್ಲಿ ಬೇರೆ ಬೇರೆ ಹಾರ್ಡ್‌ವೇರ್ ವರ್ಷನ್ ಬರುತ್ತವೆ, ಫರ್ಮ್‌ವೇರ್ (ಡಬ್ಬಿಯ ಒಳಗಿನ ಸಾಫ್ಟ್‌ವೇರ್) ಇಳಿಸಿಕೊಳ್ಳುವಾಗ ಹಿಂದಿನ ಚೀಟಿ ನೋಡಿ ಅದೇ ವರ್ಷನ್ನಿನದು ಆರಿಸಬೇಕು.

ಯು6 ಪ್ಲಸ್ ಸೇರಿದ ಯುಬಿಕ್ವಿಟಿಯ ಯೂನಿಫೈ ಸಾಲು ನೋಡಲು ಚೆಂದ, ಕಂಟ್ರೋಲರ್ ಅಂತೂ ಒಮಾಡಾಗಿಂತ ಎಷ್ಟೋ ಸ್ಪಷ್ಟ. ಯಾವ ಫೋನ್ ಯಾವಾಗ ಕಳಚಿಕೊಂಡಿತು, ಯಾವ ಚಾನೆಲ್ ತುಂಬಿದೆ, ಎಲ್ಲಾ ಚಿತ್ರದಲ್ಲಿ ತೋರಿಸುತ್ತದೆ. ಆದರೆ ಅದರ ಪೂರ್ತಿ ಉಪಯೋಗ ಸಿಗುವುದು ಕಂಟ್ರೋಲರ್ ಇದ್ದರೆ ಮಾತ್ರ. ಸಾಫ್ಟ್‌ವೇರ್ ಬಿಟ್ಟಿ ಇದೆ, ಹಾಕಿ ನಡೆಸಬಹುದು, ಕಂಟ್ರೋಲರ್ ನಿಂತರೂ ವೈಫೈ ನಿಲ್ಲುವುದಿಲ್ಲ. ಆದರೂ ಆ ಕಂಪ್ಯೂಟರ್ ಕೆಟ್ಟು, ಬ್ಯಾಕಪ್ಪೂ ಇಲ್ಲದಿದ್ದರೆ ಮತ್ತೆ ರೀಸೆಟ್ ಮಾಡುವ ಕೆಲಸವೇ ಬರುತ್ತದೆ. ಆಸಕ್ತಿ ಇರುವ ಒಬ್ಬರಾದರೂ ಆಫೀಸಿನಲ್ಲಿದ್ದರೆ, ಅಥವಾ ರೂಟರನ್ನೂ ಅದೇ ಕಂಪನಿಯದಕ್ಕೆ ಬದಲಿಸುವ ಯೋಚನೆ ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಎಲ್ಲರಿಗೂ ಹೇಳುವುದಿಲ್ಲ ಅಂತ ಮೊದಲೇ ಅಂದದ್ದು ಇದಕ್ಕೇ.

ಇನ್‌ಸ್ಟಂಟ್ ಆನ್ ಸುಲಭದಲ್ಲಿ ಎಲ್ಲಕ್ಕಿಂತ ಮುಂದು. ಫೋನಿನಲ್ಲಿ ಆ್ಯಪ್ ಹಾಕಿ, ಹೇಳಿದ ಹಾಗೆ ಒತ್ತುತ್ತಾ ಹೋದರೆ ಕೆಲಸ ಮುಗಿಯುತ್ತದೆ. ಪ್ರತಿ ವರ್ಷ ಲೈಸೆನ್ಸ್ ಕಟ್ಟುವ ತಾಪತ್ರಯ ಇಲ್ಲ. ಬೇರೆ ಕಂಟ್ರೋಲರ್ ಡಬ್ಬಿಯೂ ಬೇಡ. ಆದರೆ ಎಲ್ಲವೂ ಅವರ ಕ್ಲೌಡ್ ಮೂಲಕವೇ ನಡೆಯುತ್ತದೆ, ಇಂಟರ್ನೆಟ್ ಇಲ್ಲದಾಗ ಸೆಟ್ಟಿಂಗ್ಸ್ ಬದಲಿಸಲು ಆಗುವುದಿಲ್ಲ. ಹಾಗಾಗಿ ಖಾತೆ ತೆರೆಯುವಾಗ ಆಫೀಸಿನ ಇಮೇಲ್ ಹಾಕಿ, ಹಾಕಿಕೊಡಲು ಬಂದವರದ್ದಲ್ಲ. ಮೇಲೆ ಹೇಳಿದ ಕಥೆ ನೆನಪಿರಲಿ.

ಮೈಕ್ರೋಟಿಕ್‌ನ ಸಿಎಪಿ ಎಎಕ್ಸ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಅದರಲ್ಲಿ ಮಾಡಲಾಗದ್ದು ಕಡಿಮೆ, ಗಟ್ಟಿಯೂ ಹೌದು. ನೆಟ್‌ವರ್ಕಿಂಗ್ ಗೊತ್ತಿದ್ದವರು ಬಳಸಲಿ, ಬೇರೆಯವರು ಮೊದಲ ಪುಟಕ್ಕೇ ಹೆದರುತ್ತಾರೆ. ಸಿಸ್ಕೋದ ಮೆರಾಕಿ ಚಿಕ್ಕ ಆಫೀಸಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಾಲು ಒಳ್ಳೆಯದು, ಆದರೆ ಲೈಸೆನ್ಸ್ ಕಟ್ಟುತ್ತಲೇ ಇರಬೇಕು. ಅದು ಮುಗಿದು ಆಮೇಲಿನ ಗಡುವೂ ಕಳೆದರೆ ವೈಫೈ ನಿಲ್ಲುವ ಹಾಗೆ ಅದರ ವ್ಯವಸ್ಥೆ ಇದೆ. ಎರಡನೇ ಕೈ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಮೆರಾಕಿ ತಂದವರಿಗೆ ಇದು ಗೊತ್ತಿರುವುದಿಲ್ಲ.

ವೈಫೈ 7 ಬಂದಿದೆಯಲ್ಲ, ಅದನ್ನೇ ಕೊಳ್ಳಬಾರದಾ? 2024ರ ಜನವರಿಯಲ್ಲಿ ವೈಫೈ ಕಂಪನಿಗಳ ಒಕ್ಕೂಟವಾದ ವೈಫೈ ಅಲಯನ್ಸ್ ಅದಕ್ಕೆ ಪ್ರಮಾಣಪತ್ರ ಕೊಡಲು ಶುರು ಮಾಡಿತು. 320 ಮೆಗಾಹರ್ಟ್ಸ್ ಚಾನೆಲ್, ಒಂದೇ ಸಾಧನ ಎರಡು ಬ್ಯಾಂಡ್ ಒಟ್ಟಿಗೆ ಬಳಸುವುದು, ಎಲ್ಲಾ ನಿಜ. ಆದರೆ ಅದರ ಪೂರ್ತಿ ಲಾಭಕ್ಕೆ 6 ಗಿಗಾಹರ್ಟ್ಸ್ ಬ್ಯಾಂಡ್ ಬೇಕು, ಅದರ ನಿಯಮ ದೇಶದಿಂದ ದೇಶಕ್ಕೆ ಬೇರೆ. ಗೋಡೆ ದಾಟುವುದರಲ್ಲೂ ಅದು 5 ಗಿಗಾಹರ್ಟ್ಸ್‌ಗಿಂತ ಸ್ವಲ್ಪ ಹಿಂದೆಯೇ. ಮೇಲಾಗಿ ನಿಮ್ಮ ಲ್ಯಾಪ್‌ಟಾಪ್, ಫೋನ್ ಹಳೆಯವಾಗಿದ್ದರೆ ಆಕ್ಸೆಸ್ ಪಾಯಿಂಟ್ ಮಾತ್ರ ಹೊಸದಾಗಿ ಏನು ಪ್ರಯೋಜನ? ನಾನಾದರೆ ವೈಫೈ 7 ಇರುವ ಒಂದರ ಬದಲು ವೈಫೈ 6 ಇರುವ ಎರಡು ಕೊಳ್ಳುತ್ತೇನೆ. ವೈಫೈ 5 ಮಾತ್ರ ಈಗ ಹೊಸದಾಗಿ ಬೇಡ. ಆ ಸ್ಟ್ಯಾಂಡರ್ಡ್ 5 ಗಿಗಾಹರ್ಟ್ಸ್‌ಗೆ ಮಾತ್ರ ಇದ್ದದ್ದು, ಅದರ ಡಬ್ಬಿಗಳಲ್ಲಿ 2.4 ಕಡೆ ಇನ್ನೂ ಹಳೇ ವೈಫೈ 4 ನಡೆಯುತ್ತಿರುತ್ತದೆ. ತುಂಬ ಜನ ಒಟ್ಟಿಗೆ ಚಿಕ್ಕ ಚಿಕ್ಕ ಡೇಟಾ ಕಳಿಸುವಾಗ ವೈಫೈ 6 ಒಂದೇ ಸರದಿಯನ್ನು ಹಲವರಿಗೆ ಹಂಚಬಲ್ಲದು, ಆಫೀಸಿಗೆ ಬೇಕಾದದ್ದು ಅದೇ.

ಎಲ್ಲಿ ಇಡಬೇಕು ಅನ್ನುವುದು ಯಾವುದನ್ನು ಕೊಳ್ಳಬೇಕು ಅನ್ನುವುದಕ್ಕಿಂತ ದೊಡ್ಡದು. ಸೀಲಿಂಗ್ ಆಕ್ಸೆಸ್ ಪಾಯಿಂಟ್ ಸೀಲಿಂಗಿಗೇ, ಮುಖ ಕೆಳಗೆ. ಫಾಲ್ಸ್ ಸೀಲಿಂಗ್ ಒಳಗೆ ಅಡಗಿಸಿದರೆ ಅಲ್ಲಿರುವ ಎಸಿ ಡಕ್ಟ್, ಲೋಹದ ಪಟ್ಟಿ ಎಲ್ಲಾ ಅಡ್ಡ ಬರುತ್ತವೆ. ಉದ್ದನೆ ಕಾರಿಡಾರಿನಲ್ಲಿ ಸಾಲಾಗಿ ಹಾಕುವುದು ನೋಡಲು ಚೆನ್ನ, ಕೆಲಸಕ್ಕಲ್ಲ. ಜನ ಕೂರುವುದು ರೂಮಿನೊಳಗೆ, ಹಾಕಬೇಕಾದದ್ದೂ ರೂಮಿನೊಳಗೆ. ಕಬ್ಬಿಣದ ಬೀರು, ಲಿಫ್ಟ್ ಗೋಡೆ, ಕಾಂಕ್ರೀಟ್ ಕಂಬ ಇವುಗಳ ಹಿಂದೆ ಸಿಗ್ನಲ್ ಸತ್ತೇ ಹೋಗುತ್ತದೆ. ಮೊದಲು ಒಂದನ್ನು ಏಣಿಗೆ ಕಟ್ಟಿ, ಉದ್ದ ಕೇಬಲ್ ಹಾಕಿ, ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಿಡಿದು ಕುರ್ಚಿ ಕುರ್ಚಿಗೂ ಹೋಗಿ ನೋಡಿ. ಅಲ್ಲಿ ಸಿಗ್ನಲ್ ಬಲವನ್ನು ತೋರಿಸುವ ಸಂಖ್ಯೆ ಮೈನಸ್‌ನಲ್ಲಿ ಇರುತ್ತದೆ. ವಿಡಿಯೋ ಕಾಲ್ ಮಾಡುವ ಜಾಗದಲ್ಲಿ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿ, ಅಂದರೆ ಮೈನಸ್ 60, 55 ಅಂತ ಇರಬೇಕು. ಮೈನಸ್ 75 ಬಂದರೆ ಇನ್ನೊಂದು ಬೇಕು ಅಂತ ಅರ್ಥ. ತೂತು ಕೊರೆಯುವ ಮೊದಲು ಮಾಡುವ ಈ ಕೆಲಸಕ್ಕೆ ಖರ್ಚೇ ಇಲ್ಲ.

ಹಾಕಿಸಿದ ಮೇಲೆ ಕಂಪನಿಯವರು ಕೊಟ್ಟ ಸೆಟ್ಟಿಂಗ್ಸ್‌ನಲ್ಲೇ ಬಿಡಬೇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6, 11 ಮಾತ್ರ, ಯಾಕೆಂದರೆ ಒಂದರ ಮೇಲೊಂದು ಬೀಳದ ಮೂರು ಅಷ್ಟೇ. 5 ಗಿಗಾಹರ್ಟ್ಸ್‌ನಲ್ಲಿ ಎರಡು ಮೂರು ಆಕ್ಸೆಸ್ ಪಾಯಿಂಟ್ ಇದ್ದರೆ 40 ಮೆಗಾಹರ್ಟ್ಸ್ ಸಾಕು. 80 ಹಾಕಬಹುದು, ಪಕ್ಕದ ಆಫೀಸುಗಳ ವೈಫೈ ಜಾಸ್ತಿ ಇಲ್ಲದಿದ್ದರೆ. 160 ಬೇಡ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹಲವು ದೇಶಗಳಲ್ಲಿ ರೇಡಾರ್ ಜೊತೆ ಹಂಚಿಕೊಳ್ಳಬೇಕು. ರೇಡಾರ್ ಕಂಡರೆ ಆಕ್ಸೆಸ್ ಪಾಯಿಂಟ್ ಆ ಚಾನೆಲ್ ಬಿಟ್ಟು ಹೋಗಲೇಬೇಕು, ಇನ್ನೊಂದು ಅಂಥದೇ ಚಾನೆಲ್ಲಿಗೆ ಹೋದರೆ ಅಲ್ಲಿ ಕನಿಷ್ಠ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡು ಆಮೇಲೆ ಶುರು ಮಾಡಬೇಕು. ವಿಮಾನ ನಿಲ್ದಾಣದ ಹತ್ತಿರದ ಆಫೀಸಿನಲ್ಲಿ ವೈಫೈ ಆಗಾಗ ಮಾಯವಾಗುತ್ತಿದ್ದರೆ ಇದನ್ನು ಮೊದಲು ಪರೀಕ್ಷಿಸಿ.

ಪವರ್ ಕಡಿಮೆ ಮಾಡಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಎರಡು ಮೂರು ಆಕ್ಸೆಸ್ ಪಾಯಿಂಟ್ ಪೂರ್ತಿ ಪವರ್‌ನಲ್ಲಿ ಕೂಗುತ್ತಿದ್ದರೆ ಫೋನ್ ಮೊದಲು ಹಿಡಿದದ್ದನ್ನೇ ಹಿಡಿದುಕೊಂಡಿರುತ್ತದೆ. ಯಾವುದಕ್ಕೆ ಅಂಟಿಕೊಳ್ಳಬೇಕು ಅಂತ ತೀರ್ಮಾನ ಮಾಡುವುದು ಫೋನೇ ಹೊರತು ಆಕ್ಸೆಸ್ ಪಾಯಿಂಟ್ ಅಲ್ಲ. ಹಾಲಿನಿಂದ ಮೀಟಿಂಗ್ ರೂಮಿಗೆ ಬಂದು, ತಲೆಯ ಮೇಲೇ ಒಂದಿದ್ದರೂ, ಫೋನ್ ದೂರದ್ದನ್ನೇ ಹಿಡಿದು ಒದ್ದಾಡುತ್ತದೆ. 2.4 ಕಡೆ ಪವರ್ ಕಡಿಮೆ, 5 ಕಡೆ ಮಧ್ಯಮ, ಇದರಿಂದ ಶುರು ಮಾಡಿ ನೋಡಿ.

ಭದ್ರತೆಗೆ ಡಬ್ಲ್ಯುಪಿಎ2, ಡಬ್ಲ್ಯುಪಿಎ3 (ವೈಫೈ ಪಾಸ್‌ವರ್ಡ್ ರಕ್ಷಣೆಯ ಹಳೇ, ಹೊಸ ವಿಧಾನಗಳು) ಎರಡೂ ಸೇರಿದ ಆಯ್ಕೆ ಇಡಿ. ಕೆಲವು ಹಳೇ ಪ್ರಿಂಟರ್ ಆ ಮಿಶ್ರಣಕ್ಕೆ ಸೇರುವುದೇ ಇಲ್ಲ. ಅದಕ್ಕೆ ಕೇಬಲ್ ಹಾಕಿ, ಇಡೀ ಆಫೀಸಿನ ಭದ್ರತೆ ಇಳಿಸಬೇಡಿ. ಗುಂಡಿ ಒತ್ತಿ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ, ಅದರ ಪಿನ್ ವಿಧಾನದ ಬಿರುಕು 2011ರಲ್ಲೇ ಬಯಲಾಗಿದೆ. ವೈಫೈ ಹೆಸರುಗಳು ಎರಡು ಇದ್ದರೆ ಸಾಕು, ಒಂದು ಕೆಲಸಗಾರರಿಗೆ, ಒಂದು ಹೊರಗಿನವರಿಗೆ. ಒಂದೊಂದು ಹೆಸರಿಗೂ ಆಕ್ಸೆಸ್ ಪಾಯಿಂಟ್ ಸೆಕೆಂಡಿಗೆ ಸುಮಾರು ಹತ್ತು ಸಲ ನಾನಿದ್ದೇನೆ ಅಂತ ಸಾರುತ್ತಿರುತ್ತದೆ, ಆರೇಳು ಹೆಸರು ಇಟ್ಟರೆ ಸುಮ್ನೆ ಗಾಳಿ ತುಂಬುತ್ತದೆ.

ಗೆಸ್ಟ್ ನೆಟ್‌ವರ್ಕ್ ಅಂದರೆ ಬೇರೆ ಪಾಸ್‌ವರ್ಡ್ ಮಾತ್ರ ಅಲ್ಲ. ಹೊರಗಿನವರ ಫೋನಿಗೆ ನಿಮ್ಮ ಫೈಲ್ ಸರ್ವರ್ ಕಾಣಬಾರದು. ಸರಿಯಾದ ದಾರಿ ವಿಲ್ಯಾನ್, ಅದಕ್ಕೆ ರೂಟರಿಗೂ ಸ್ವಿಚ್ಚಿಗೂ ವಿಲ್ಯಾನ್ ಗೊತ್ತಿರಬೇಕು. ಇಂಟರ್ನೆಟ್ ಕಂಪನಿ ಕೊಟ್ಟ ರೂಟರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಆಗ ಆಕ್ಸೆಸ್ ಪಾಯಿಂಟಿನಲ್ಲೇ ಇರುವ ಗೆಸ್ಟ್ ಆಯ್ಕೆ ಹಾಕಿದರೆ ಒಳಗಿನ ವಿಳಾಸಗಳಿಗೆ ಹೋಗುವುದನ್ನು ಅದೇ ತಡೆಯುತ್ತದೆ. ಹಾಕಿದ ಮೇಲೆ ಗೆಸ್ಟ್‌ಗೆ ಸೇರಿ ಪ್ರಿಂಟರಿನ ಪುಟ ತೆರೆಯುತ್ತದಾ ಅಂತ ನೋಡಿ, ತೆರೆಯಬಾರದು.

ಕೆಲಸ ಮುಗಿದು ಹಣ ಕೊಡುವ ಮೊದಲು ಮೂರು ವಸ್ತು ಕೈಗೆ ತೆಗೆದುಕೊಳ್ಳಿ: ಅಡ್ಮಿನ್ ಪಾಸ್‌ವರ್ಡ್, ಕಂಟ್ರೋಲರಿನ ಬ್ಯಾಕಪ್ ಫೈಲ್, ಯಾವ ಕೇಬಲ್ ಸ್ವಿಚ್ಚಿನ ಯಾವ ಪೋರ್ಟಿಗೆ ಬಂದಿದೆ ಅನ್ನುವ ಚೀಟಿ. ಒಂದು ಕಂಪ್ಯೂಟರ್ ಕೇಬಲ್ ಮೇಲೆ, ಒಂದು ಲ್ಯಾಪ್‌ಟಾಪ್ ವೈಫೈ ಮೇಲೆ ಇಟ್ಟು ಎರಡರಲ್ಲೂ ಐಪರ್ಫ್3 ಅನ್ನುವ, ಎರಡು ಕಂಪ್ಯೂಟರ್ ನಡುವಿನ ವೇಗ ಅಳೆಯುವ ಪ್ರೋಗ್ರಾಂ ಹಾಕಿ ನೋಡಿ. ಇಂಟರ್ನೆಟ್ ಸ್ಪೀಡ್ ಟೆಸ್ಟ್ ನೋಡಿದರೆ ಇಂಟರ್ನೆಟ್ ಲೈನ್ ಎಷ್ಟಿದೆ ಅಂತ ಗೊತ್ತಾಗುತ್ತದೆ, ವೈಫೈ ಅಲ್ಲ. ಅದೇ ರೂಮಿನಲ್ಲಿ, 80 ಮೆಗಾಹರ್ಟ್ಸ್‌ನಲ್ಲಿ, ಎರಡು ಸ್ಟ್ರೀಮಿನ ವೈಫೈ 6 ಲ್ಯಾಪ್‌ಟಾಪ್‌ಗೆ 500 ಎಂಬಿಪಿಎಸ್ ಮೇಲೆ ಬರಬೇಕು, 40ರಲ್ಲಿ 250 ಮೇಲೆ. 90ರ ಸುತ್ತ ಸಿಕ್ಕಿಹಾಕಿಕೊಂಡರೆ ಎಲ್ಲೋ ಒಂದು ಕೇಬಲ್ ತುದಿ ಸರಿ ಕೂತಿಲ್ಲ, ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ ಅಂತ ಅರ್ಥ. ಹಾಕಿದವರು ಇನ್ನೂ ಏಣಿ ಮಡಚಿರುವುದಿಲ್ಲ, ಆಗಲೇ ಸರಿ ಮಾಡಿಸಿಕೊಳ್ಳಿ.